‘ಆ ಪುಸ್ತಕ ನಂಗ ಬ್ಯಾಡಣ್ಣ!’

ಹೋದ ವರ್ಷ ದಸರಾ ರಜೆಗೆ ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಐದು ಹೊಸ ಪುಸ್ತಕಗಳಿದ್ದವು. ಬಳ್ಳಾರಿಯಲ್ಲಿ ರಿಯಾಯಿತಿ ದರದ ಪುಸ್ತಕ ಮಾರಾಟ ನಡೆದಿತ್ತು. ಮೆಸ್‌ ಬಿಲ್ಲಿಗೆಂದು ಇಟ್ಟಿದ್ದ ದುಡ್ಡಿನಲ್ಲಿ ಒಂದಿಷ್ಟು ತೆಗೆದು, ಎಸ್ಸೆಸ್ಸೆಲ್ಸಿ ಓದುತ್ತಿದ್ದ ತಂಗಿಗೆಂದು ಕೊಂಡಿದ್ದೆ. ಒಬ್ಬ ವಿಜ್ಞಾನಿಯ ಜೀವನಚರಿತ್ರೆ, ಎರಡು ವ್ಯಕ್ತಿತ್ವ ವಿಕಸನದ ಪುಸ್ತಕ, ಒಂದು ಸಾಮಾನ್ಯ ಜ್ಞಾನ, ಇನ್ನೊಂದು ದಪ್ಪ ಕಾದಂಬರಿ. ಸಿರುಗುಪ್ಪದಲ್ಲಿ ಇಳಿದು ಆದೋನಿ ಕಡೆಯ ಬಸ್ಸು ಹತ್ತಿ, ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತಾ, ‘ನನ್ನ ತಂಗಿಗೆ ನನ್ನಂಥ ಅಣ್ಣ ಸಿಕ್ಕಿದ್ದೇ ಪುಣ್ಯ’ ಎಂದು ಒಳಗೊಳಗೇ ಬೀಗುತ್ತಾ ರಾರಾವಿ ಸೇರಿದೆ.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದಾಗ ಮೊದಲು ಹುಡುಕಿದ್ದು ಆ ಪುಸ್ತಕಗಳನ್ನೇ. ಒಂದು ಟಿ.ವಿ. ಗೂಡಿನಲ್ಲಿ ಸೆಟ್‌ಟಾಪ್‌ ಬಾಕ್ಸಿನ ಕೆಳಗಿತ್ತು. ಇನ್ನೊಂದನ್ನು ತಂಗಿ ಸಮಾಜ ವಿಜ್ಞಾನದ ನಕ್ಷೆ ಬಿಡಿಸುವಾಗ ಹಾಳೆಯ ಅಡಿಗೆ ಇಟ್ಟುಕೊಂಡಿದ್ದಳು. ಉಳಿದ ಮೂರು ಟ್ರಂಕಿನ ಮೇಲೆ, ನಾನು ಇಟ್ಟಲ್ಲೇ, ನಾನು ಇಟ್ಟ ಹಾಗೆಯೇ ಇದ್ದವು.

‘ಯಾಕವ್ವ, ಒಂದನ್ನೂ ಓದಿಲ್ಲಲ್ಲ?’ ಎಂದೆ.

‘ಓದಾಕ ಕುಂತಿದ್ದೆ ಅಣ್ಣ, ಆಗಲಿಲ್ಲ. ಅವು ನಿಂಗ ಇಷ್ಟ ಆಗೋ ಪುಸ್ತಕ. ನಂಗ ಬ್ಯಾಡ.’

‘ಮತ್ತ ಎಂಥಾದ್ದು ಬೇಕು ಹೇಳು, ತರ್ತೀನಿ.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತಿಲ್ಲಣ್ಣ’ ಎಂದಳು.

ಬೇಡ ಎಂದಿದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಆದರೆ ಆ ‘ಗೊತ್ತಿಲ್ಲ’ ಎನ್ನುವ ಮಾತು ರಾತ್ರಿಯಿಡೀ ಕಾಡಿತು. ಹದಿನೈದು ವರ್ಷದ ಹುಡುಗಿಗೆ ತನಗೆ ಯಾವ ಪುಸ್ತಕ ಬೇಕು ಎನ್ನುವುದು ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಅಲ್ಲಿಯವರೆಗೆ ಅವಳನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

<b>ಹಾಜರಿ ಸಂಖ್ಯೆ ಇಪ್ಪತ್ಮೂರು</b>

ನನ್ನ ಕಥೆಯೂ ಇದಕ್ಕಿಂತ ಬೇರೆಯೇನಲ್ಲ. ನಾನು ಹೈಸ್ಕೂಲು ಓದಿದ್ದು ಬೇರೆ ಊರಿನಲ್ಲಿ, ಹಾಸ್ಟೆಲ್ಲಿನಲ್ಲಿದ್ದುಕೊಂಡು. ಶಾಲೆಯ ಹೆಸರು ಬೇಡ. ಅಲ್ಲಿ ಸ್ಟಾಫ್‌ ರೂಮಿನ ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇತ್ತು. ಅದರ ತುಂಬ ಪುಸ್ತಕ. ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಯಾರೋ ಅಧಿಕಾರಿಗಳು ಬರುತ್ತಾರೆ ಎಂದಾಗ ಬೀರು ತೆಗೆಯುತ್ತಿತ್ತು. ಮೇಷ್ಟ್ರು ಮೇಲಿಂದ ಒಂದೊಂದೇ ಪುಸ್ತಕ ತೆಗೆದು ಹಾಜರಿ ಸಂಖ್ಯೆಯ ಪ್ರಕಾರ ಹಂಚುತ್ತಿದ್ದರು. ನನ್ನದು ಇಪ್ಪತ್ಮೂರು. ಇಪ್ಪತ್ಮೂರನೆಯದಾಗಿ ಕೈಗೆ ಬಂದದ್ದು ಜೇನು ಸಾಕಣೆ ಕುರಿತ ಒಂದು ತೆಳು ಪುಸ್ತಕ. ಪಕ್ಕದಲ್ಲಿ ಕೂತಿದ್ದ ಗೆಳೆಯನಿಗೆ ಪತ್ತೇದಾರಿ ಕಥೆ. ಬದಲಾಯಿಸಿಕೊಳ್ಳೋಣ ಎಂದುಕೊಂಡರೆ, ‘ರಿಜಿಸ್ಟರಿನಲ್ಲಿ ಬರೆದಾಗಿದೆ, ಸುಮ್ನೆ ಕೂತ್ಕೊಳ್ರೋ’ ಎಂಬ ಗದರಿಕೆ. ಸೋಮವಾರದೊಳಗೆ ಎರಡು ಪುಟ ಸಾರಾಂಶ ಬರೆದು ತೋರಿಸಬೇಕಿತ್ತು. ಬರೆದೆ, ತೋರಿಸಿದೆ, ಪುಸ್ತಕ ಬೀರುವಿಗೆ ಮರಳಿತು.

ಮೇಷ್ಟ್ರನ್ನು ದೂರುವುದು ಸುಲಭ. ಅರವತ್ತು ಮಕ್ಕಳು, ಪುಸ್ತಕ ಕಳೆದರೆ ಸಂಬಳದಿಂದ ಕಟ್ಟಬೇಕೆಂಬ ಭಯ. ಆದರೆ ಅದರ ಪರಿಣಾಮ ನನಗೆ ತಿಳಿದದ್ದು ಬಿ.ಇ. ಸೇರಿದ ಮೇಲೆ. ಕಾಲೇಜಿನ ಗ್ರಂಥಾಲಯದಲ್ಲಿ ಬೀಗವಿಲ್ಲ. ಸಾಲು ಸಾಲು ಕಪಾಟು, ಕೈಚಾಚಿದರೆ ಪುಸ್ತಕ. ಮೊದಲ ದಿನ ಹೋಗಿ ಅರ್ಧ ಗಂಟೆ ಅಲ್ಲಿಂದಿಲ್ಲಿಗೆ ಓಡಾಡಿ, ಏನನ್ನೂ ಮುಟ್ಟದೆ ಹೊರಬಂದೆ. ಆಮೇಲೆ ಸೀನಿಯರ್‌ ಒಬ್ಬರು ಹೇಳಿದ್ದನ್ನು ತಂದೆ, ಇನ್ನೊಬ್ಬರು ಹೇಳಿದ್ದನ್ನು ತಂದೆ. ಓದಲು ನನಗೆ ಬರುತ್ತಿತ್ತು. ಆರಿಸಲು ಬರುತ್ತಿರಲಿಲ್ಲ.

ಈಜು ಕಲಿಯಬೇಕಾದರೆ ಕಾಲುವೆಗೆ ಇಳಿಯಲೇಬೇಕು. ದಡದಲ್ಲಿ ಕೂರಿಸಿ ಬೇರೆಯವರು ಈಜುವುದನ್ನು ತೋರಿಸಿದರೆ ಯಾರಿಗೂ ಈಜು ಬರುವುದಿಲ್ಲ. ಪುಸ್ತಕ ಆರಿಸುವುದೂ ಹಾಗೆಯೇ. ನಾಲ್ಕು ಸಲ ತಪ್ಪು ಪುಸ್ತಕ ಎತ್ತಿಕೊಂಡು, ಬೇಸರಪಟ್ಟು, ವಾಪಸ್‌ ಇಟ್ಟ ಮೇಲೆಯೇ ಐದನೆಯ ಸಲ ಸರಿಯಾದದ್ದು ಕೈಗೆ ಸಿಗುವುದು. ನಾವು ಮಕ್ಕಳಿಗೆ ಆ ನಾಲ್ಕು ತಪ್ಪುಗಳಿಗೆ ಅವಕಾಶವನ್ನೇ ಕೊಡುವುದಿಲ್ಲ.

<b>ಗಣಿತದ ಮೇಷ್ಟ್ರು ಕಲಿಸಿದ ಪಾಠ</b>

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿಕೊಂಡ ಎಸ್‌.ಆರ್‌. ರಂಗನಾಥನ್‌ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್‌ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ಪುಸ್ತಕವಿರುವುದು ಬಳಸುವುದಕ್ಕೇ ಹೊರತು ಕಾಪಿಡುವುದಕ್ಕಲ್ಲ ಎನ್ನುವುದು ಅವರ ಮೊದಲ ಮಾತಿನ ಸಾರ. ಓದುವವರಿಗೆ ಅವರಿಗೆ ಒಪ್ಪುವ ಪುಸ್ತಕ ಸಿಗಬೇಕು, ಹಾಗೆಯೇ ಪುಸ್ತಕಕ್ಕೂ ತನ್ನನ್ನು ಮೆಚ್ಚುವವರು ಸಿಗಬೇಕು ಎನ್ನುವುದು ಮುಂದಿನ ಎರಡು ಸೂತ್ರಗಳ ತಿರುಳು. ಕಪಾಟುಗಳು ತೆರೆದಿರಬೇಕು, ಓದುವವರು ತಾವೇ ಓಡಾಡಿ ಹುಡುಕಿಕೊಳ್ಳುವಂತಿರಬೇಕು ಎಂದು ಅವರು ವಾದಿಸಿದ್ದು ಇದೇ ಕಾರಣಕ್ಕೆ. ರಂಗನಾಥನ್‌ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ನಾನು ತಂಗಿಗೆ ತಂದ ಐದು ಪುಸ್ತಕಗಳು ಕೆಟ್ಟವೇನಲ್ಲ. ಅವುಗಳ ಓದುಗಳು ಅವಳಾಗಿರಲಿಲ್ಲ, ಅಷ್ಟೇ. ಬೀರುವಿಗೆ ಬೀಗ ಹಾಕಿದ್ದ ಶಾಲೆಗೂ, ಅವಳನ್ನು ಕೇಳದೆ ಪುಸ್ತಕ ಹೊತ್ತು ತಂದ ನನಗೂ ದೊಡ್ಡ ವ್ಯತ್ಯಾಸವಿರಲಿಲ್ಲ.

<b>ಪಂಚಾಯಿತಿ ಗ್ರಂಥಾಲಯದ ಬಾಗಿಲಲ್ಲಿ</b>

ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಯುವವರೆಗೂ ಅವ್ವ ಕಥೆಪುಸ್ತಕದ ಹೆಸರೆತ್ತಲು ಬಿಡಲಿಲ್ಲ. ಬೇಸಿಗೆಯಲ್ಲಿ ಪ್ರತಿ ಶನಿವಾರ ನಾನು ಊರಿಗೆ ಹೋದಾಗ ತಂಗಿಯನ್ನೂ, ಒಂಬತ್ತನೇ ಕ್ಲಾಸಿಗೆ ಕಾಲಿಡುತ್ತಿದ್ದ ಚಿಕ್ಕಪ್ಪನ ಮಗನನ್ನೂ ಕರೆದುಕೊಂಡು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗತೊಡಗಿದೆ.

ನಿಮ್ಮೂರಿನ ಪಂಚಾಯಿತಿ ಗ್ರಂಥಾಲಯವನ್ನು ನೀವು ಇತ್ತೀಚೆಗೆ ನೋಡಿಲ್ಲವಾದರೆ ಒಮ್ಮೆ ಹೋಗಿ ಬನ್ನಿ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್‌ ರಾಜ್‌ ಇಲಾಖೆಯ ಸುಪರ್ದಿಗೆ ಬಂದವು. ಅವುಗಳ ಸಂಖ್ಯೆ 5,600ಕ್ಕೂ ಹೆಚ್ಚು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ, ‘ಓದುವ ಬೆಳಕು’ ಎಂಬ ಅಭಿಯಾನ ಶುರುವಾಯಿತು. 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಸದಸ್ಯತ್ವ ಪೂರ್ತಿ ಉಚಿತ. ರಾಜ್ಯದಲ್ಲಿ ಲಕ್ಷಾಂತರ ಮಕ್ಕಳು ಹೀಗೆ ಸದಸ್ಯರಾಗಿದ್ದಾರೆ. ಈಗ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೆಸರೂ ಇದೆ.

ಬಾಗಿಲು ತೆರೆದಿದೆ, ಸದಸ್ಯತ್ವಕ್ಕೆ ದುಡ್ಡಿಲ್ಲ, ಕಪಾಟಿನಲ್ಲಿ ಪುಸ್ತಕವಿದೆ. ಆದರೂ ಮೊದಲ ದಿನ ನಮ್ಮ ಹುಡುಗರಿಬ್ಬರೂ ನಾನು ಕಾಲೇಜಿನಲ್ಲಿ ನಿಂತ ಹಾಗೆಯೇ ನಿಂತರು. ‘ಅಣ್ಣ, ನೀನೇ ಒಂದು ತಗದುಕೊಡು’ ಎಂದಳು ತಂಗಿ. ಕೈ ಚಾಚಲು ಹೋದವನು ಹಿಂದಕ್ಕೆ ತೆಗೆದುಕೊಂಡೆ. ‘ಇವತ್ತು ನಾನು ಮುಟ್ಟಲ್ಲ. ನೀವೇ ಹುಡುಕ್ರಿ’ ಎಂದೆ.

ಸುಮ್ಮನೆ ‘ಹುಡುಕ್ರಿ’ ಎಂದರೆ ಸಾಲದು ಎನ್ನುವುದು ಬೇಗನೆ ಗೊತ್ತಾಯಿತು. ನೀರಿಗೆ ದೂಡಿದರೆ ಈಜು ಬರುವುದಿಲ್ಲ, ಪಕ್ಕದಲ್ಲಿ ಒಬ್ಬರು ಇರಬೇಕು. ಹಾಗಾಗಿ ಕೆಲವು ಉಪಾಯ ಮಾಡಿಕೊಂಡೆವು.

<b>ನಮ್ಮ ನಾಲ್ಕು ಉಪಾಯಗಳು</b>

ಮೊದಲನೆಯದು, ನಡುವಿನ ಪುಟ. ಮುಖಪುಟ ಚೆಂದವಿರುತ್ತದೆ, ಬೆನ್ನುಡಿ ಹೊಗಳಿರುತ್ತದೆ, ಮುನ್ನುಡಿ ಉದ್ದವಿರುತ್ತದೆ. ಇವನ್ನು ನೋಡಿ, ಆದರೆ ಆಮೇಲೆ ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟ ತೆಗೆದು ಓದಿ. ಮುಂದಿನ ಪುಟ ತಿರುಗಿಸಬೇಕು ಅನ್ನಿಸಿತೇ? ಅನ್ನಿಸಿದರೆ ಮನೆಗೆ ತನ್ನಿ.

ಎರಡನೆಯದು, ಐದು ಬೆರಳು. ಇದು ಅಮೆರಿಕದ ಶಾಲೆಗಳಲ್ಲಿ ಸಣ್ಣ ಮಕ್ಕಳಿಗೆ ಹೇಳಿಕೊಡುವ ಉಪಾಯ. ಒಂದು ಪುಟ ಓದುವಾಗ ಅರ್ಥವಾಗದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಮಡಚುವುದು. ಒಂದೂ ಮಡಚದಿದ್ದರೆ ಪುಸ್ತಕ ತೀರಾ ಸಲೀಸು. ಎರಡು ಮೂರಾದರೆ ಸರಿಯಾಗಿದೆ. ಪುಟ ಮುಗಿಯುವುದರೊಳಗೆ ಐದೂ ಮಡಚಿದರೆ ಸದ್ಯಕ್ಕೆ ಕಷ್ಟ, ಮುಂದೆ ನೋಡೋಣ ಎಂದು ಇಡುವುದು.

ಮೂರನೆಯದು, ಇಪ್ಪತ್ತು ಪುಟದ ಕರಾರು. ಇಪ್ಪತ್ತು ಪುಟ ಓದಿದ ಮೇಲೂ ಹಿಡಿಸದಿದ್ದರೆ ವಾಪಸ್‌ ಕೊಡಬಹುದು. ಯಾರೂ ಬೈಯುವ ಹಾಗಿಲ್ಲ, ಸಾರಾಂಶ ಕೇಳುವ ಹಾಗಿಲ್ಲ. ಫ್ರಾನ್ಸಿನಲ್ಲಿ ಮೇಷ್ಟ್ರಾಗಿದ್ದ ಕಾದಂಬರಿಕಾರ ಡೇನಿಯಲ್‌ ಪೆನಾಕ್‌ 1992ರಲ್ಲಿ ಓದುಗರಿಗೆ ಹತ್ತು ಹಕ್ಕುಗಳಿವೆ ಎಂದು ಬರೆದರು. ಪುಟ ಹಾರಿಸುವುದು, ಪುಸ್ತಕವನ್ನು ಅರ್ಧಕ್ಕೆ ಬಿಡುವುದು ಎರಡೂ ಆ ಪಟ್ಟಿಯಲ್ಲಿವೆ. ತಟ್ಟೆಯಲ್ಲಿ ಅನ್ನ ಬಿಡಬಾರದು ಎಂದು ಬೆಳೆಸಿದ ಮನೆಗಳಲ್ಲಿ ಪುಸ್ತಕವನ್ನೂ ಬಿಡಬಾರದು ಅಂದುಕೊಳ್ಳುತ್ತೇವೆ. ಬಿಟ್ಟ ಅನ್ನ ಹಾಳಾಗುತ್ತದೆ. ಬಿಟ್ಟ ಪುಸ್ತಕ ಕಪಾಟಿನಲ್ಲಿ ಇನ್ನೊಬ್ಬರಿಗಾಗಿ ಕಾಯುತ್ತಿರುತ್ತದೆ.

ನಾಲ್ಕನೆಯದು, ‘ಯಾಕೆ?’ ಎಂಬ ಒಂದೇ ಪ್ರಶ್ನೆ. ಪುಸ್ತಕ ಹಿಡಿಸಿದರೂ ಯಾಕೆ, ಬಿಟ್ಟರೂ ಯಾಕೆ? ಒಂದು ವಾಕ್ಯ ಹೇಳಿದರೆ ಸಾಕು. ‘ಬರೀ ಉಪದೇಶ ಐತಿ’, ‘ಊರಿನ ವರ್ಣನೆನೇ ಹತ್ತು ಪುಟ’, ‘ಹುಡುಗಿ ಬರೇ ಅಳ್ತಾಳ’. ಹೀಗೆ ನಾಲ್ಕಾರು ಪುಸ್ತಕ ಬಿಡುವಷ್ಟರಲ್ಲಿ ತಮಗೆ ಏನು ಬೇಡ ಎನ್ನುವುದು ಅವರಿಗೇ ಸ್ಪಷ್ಟವಾಯಿತು. ಏನು ಬೇಕು ಎನ್ನುವುದಕ್ಕೆ ಅಲ್ಲಿಂದ ದಾರಿ ಹತ್ತಿರ.

<b>ಬೆರಳು ಸೋತಿತು, ಓತಿ ಗೆದ್ದಿತು</b>

ಚಿಕ್ಕಪ್ಪನ ಮಗ ಕ್ರಿಕೆಟ್‌ ಹುಡುಗ. ಯಾರು ಎಷ್ಟು ಶತಕ ಹೊಡೆದರು ಎನ್ನುವುದು ಅವನ ಬಾಯಲ್ಲಿ. ಪುಸ್ತಕ ಎಂದರೆ ನಿದ್ದೆ. ಮೊದಲ ಎರಡು ಶನಿವಾರ ಗ್ರಂಥಾಲಯದಲ್ಲಿ ಅವನು ಓದಿದ್ದು ದಿನಪತ್ರಿಕೆಯ ಆಟದ ಪುಟ ಮಾತ್ರ. ‘ಇದೂ ಓದೇ ಅಲ್ಲೇನಣ್ಣ?’ ಎಂದು ಕೇಳಿದ. ಹೌದು, ಅದೂ ಓದೇ. ಮೂರನೆಯ ವಾರ ಎರಡು ಪುಸ್ತಕ ಮನೆಗೆ ಒಯ್ದು ಎರಡನ್ನೂ ವಾಪಸ್‌ ತಂದ. ನಾಲ್ಕನೆಯ ವಾರ ಅವನ ಕೈಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಇತ್ತು.

ಪುಟ ತೆಗೆದು ಬೆರಳು ಮಡಚಿದ. ಅರ್ಧ ಪುಟಕ್ಕೇ ಐದೂ ಮುಗಿದವು. ಮಲೆನಾಡಿನ ಕಾಡು, ಅಲ್ಲಿನ ಮಾತು, ಅಲ್ಲಿನ ಗಿಡಮರ ನಮ್ಮ ಬಯಲುಸೀಮೆಯ ಹುಡುಗನಿಗೆ ಹೇಗೆ ಗೊತ್ತಿರಬೇಕು? ನಮ್ಮ ಕರಾರಿನ ಪ್ರಕಾರ ಪುಸ್ತಕ ಇಡಬೇಕಿತ್ತು. ಅವನು ಇಡಲಿಲ್ಲ. ಯಾರೋ ಸ್ನೇಹಿತ ಅವನಿಗೆ ಇದರಲ್ಲಿ ಹಾರುವ ಓತಿ ಬರುತ್ತದೆ ಎಂದು ಹೇಳಿದ್ದನಂತೆ. ‘ಹಾರೋ ಓತಿಕ್ಯಾತ ನಿಜವಾಗ್ಲೂ ಐತೇನಣ್ಣ?’ ಎಂದು ಕೇಳಿದ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇದೆ, ಪಕ್ಕೆಯ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ ಎಂದೆ. ಅಷ್ಟು ಸಾಕಾಯಿತು. ಗೊತ್ತಿಲ್ಲದ ಪದಗಳನ್ನು ಹಾರಿಸಿಕೊಂಡು, ಮಂದಣ್ಣನ ಫಜೀತಿಗೆ ಒಬ್ಬನೇ ನಗುತ್ತಾ, ಹದಿನೈದು ದಿನ ತೆಗೆದುಕೊಂಡು ಮುಗಿಸಿದ. 1980ರಲ್ಲಿ ಬಂದ ಕಾದಂಬರಿ ಅದು. ಅವನ ಅಪ್ಪನೂ ಆಗಿನ್ನೂ ಕೂಸು.

ಅಂದು ನಾನು ಕಲಿತದ್ದಿಷ್ಟು. ಬೆರಳಿನ ಲೆಕ್ಕ ಒಂದು ಅಳತೆಗೋಲು ಮಾತ್ರ. ಕುತೂಹಲವಿದ್ದರೆ ಹುಡುಗರು ತಮ್ಮ ಮಟ್ಟಕ್ಕಿಂತ ಮೇಲಿನದನ್ನೂ ಓದುತ್ತಾರೆ. ಕುತೂಹಲವಿಲ್ಲದಿದ್ದರೆ ಒಂದನೇ ಕ್ಲಾಸಿನ ಪುಸ್ತಕವೂ ಭಾರವೇ.

<b>‘ಕೆಟ್ಟ’ ಪುಸ್ತಕದ ಪ್ರಶ್ನೆ</b>

ಅವರ ಇಷ್ಟಕ್ಕೆ ಬಿಟ್ಟರೆ ಕೆಟ್ಟದ್ದನ್ನೇ ಆರಿಸಿಕೊಂಡರೆ? ಎಲ್ಲ ಮನೆಯಲ್ಲೂ ಬರುವ ಪ್ರಶ್ನೆ ಇದು. ನಮ್ಮ ಮನೆಯಲ್ಲೂ ಬಂತು. ತಂಗಿ ತನ್ನ ಗೆಳತಿಯಿಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತಂದಿದ್ದಳು. ಮಾಟ ಮಂತ್ರದ ಕಥೆ. ಎರಡು ರಾತ್ರಿ ದೀಪ ಆರಿಸದೆ ಮಲಗಿದಳು. ಅವ್ವನಿಗೆ ಗಾಬರಿ. ‘ಇದನ್ನ ಓದ್ಸಾಕ ಲೈಬ್ರರಿಗೆ ಕರ್ಕಂಡು ಹೋದೇನು?’ ಎಂದು ನನಗೆ ಮಂಗಳಾರತಿ.

ಪಂಚಾಯಿತಿ ಬಗೆಹರಿಸಿದ್ದು ದೊಡ್ಡಮ್ಮ. ಪುಸ್ತಕ ಕೈಗೆತ್ತಿಕೊಂಡು, ‘ಅಯ್ಯ, ಇದನ್ನ ನಾನು ಹುಡುಗಿ ಇದ್ದಾಗ ತೆಲುಗಿನಾಗ ಓದೀನಿ. ನಾನೂ ಹಿಂಗೇ ಹೆದರಿದ್ದೆ’ ಎಂದು ನಕ್ಕುಬಿಟ್ಟಳು. ಆಮೇಲೆ ಇಬ್ಬರೂ ಕೂತು ಕಥೆಯಲ್ಲಿ ಯಾವುದು ನಿಜ, ಯಾವುದು ಹೆದರಿಸುವುದಕ್ಕೆ ಕಟ್ಟಿದ್ದು ಎಂದು ಒಂದು ಸಂಜೆ ಮಾತನಾಡಿದರು. ತಂಗಿಯ ಭಯ ಇಳಿಯಿತು. ದೊಡ್ಡಮ್ಮ ಕಾದಂಬರಿ ಓದುತ್ತಿದ್ದಳೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ!

ಹಾಗೆಂದು ಹದಿಮೂರರ ಹುಡುಗನ ಕೈಗೆ ಎಲ್ಲವನ್ನೂ ಕೊಡಬಹುದು ಎನ್ನುತ್ತಿಲ್ಲ. ದೊಡ್ಡವರು ನೋಡಬೇಕು, ಕೆಲವನ್ನು ‘ಇನ್ನೆರಡು ವರ್ಷ ತಡಿ’ ಎನ್ನಲೂ ಬೇಕು. ಆದರೆ ಕಸಿದುಕೊಂಡ ಪುಸ್ತಕವನ್ನು ಮಕ್ಕಳು ಕದ್ದು ಓದುತ್ತಾರೆ. ಕದ್ದು ಓದಿದ್ದರ ಬಗ್ಗೆ ಯಾರ ಹತ್ತಿರವೂ ಪ್ರಶ್ನೆ ಕೇಳಲಾರರು. ಅದರಲ್ಲಿ ಹೆಚ್ಚು ಅಪಾಯ. ಅವರು ಓದುತ್ತಿರುವುದನ್ನು ನಾವೂ ಒಂದಷ್ಟು ಓದಿ ಮಾತನಾಡುವುದು ಕಷ್ಟದ ಕೆಲಸ, ಆದರೆ ಉಪಯೋಗಕ್ಕೆ ಬರುವುದು ಅದೇ.

<b>ಯಾವ ಭಾಷೆಯ ಪುಸ್ತಕ?</b>

ಗಡಿಯ ಊರುಗಳಲ್ಲಿ ಇನ್ನೊಂದು ಆಯ್ಕೆಯೂ ಇದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ, ಮುಂದಿನ ಓದು ಇಂಗ್ಲಿಷ್‌. ಇದರಿಂದ ಮೂರೂ ಅರೆಬರೆಯಾಯಿತು ಎಂದು ಕೊರಗುವವರಿದ್ದಾರೆ. ನಾನೂ ಮೊದಲ ಸೆಮಿಸ್ಟರಿನಲ್ಲಿ ಹಾಗೆಯೇ ಕೊರಗಿದ್ದೆ. ಆದರೆ ಪುಸ್ತಕ ಆರಿಸುವವರಿಗೆ ಇದು ಮೂರು ಕಪಾಟು ಇದ್ದಂತೆ. ‘ಚಂದಮಾಮ’ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ನಮ್ಮ ಹಿರಿಯರಲ್ಲಿ ಕೆಲವರು ಯಾವುದು ಮೊದಲು ಸಿಕ್ಕಿತೋ ಅದನ್ನು ಓದುತ್ತಿದ್ದರು, ಭಾಷೆ ಯಾವುದೆಂದು ನೋಡುತ್ತಿರಲಿಲ್ಲ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದುಕೊಂಡೇ ಕನ್ನಡದ ದೊಡ್ಡ ಕಾದಂಬರಿಕಾರರಾದರು. ಅವರ ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಪುಸ್ತಕ ಸಿಗದ ಕಡೆ ಮೊಬೈಲ್‌ ಕೂಡ ಕಪಾಟಾಗಬಲ್ಲದು. ಪ್ರಥಮ್‌ ಬುಕ್ಸ್‌ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್‌’ನಲ್ಲಿ ಕನ್ನಡ, ತೆಲುಗು, ಇಂಗ್ಲಿಷ್‌ ಕಥೆಗಳು ಉಚಿತವಾಗಿ ಸಿಗುತ್ತವೆ. ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಓದಬಹುದು. ಇಂಗ್ಲಿಷ್‌ ಎಂದರೆ ಹೆದರುವ ತಮ್ಮ ತಂಗಿಯರಿಗೆ ಇದು ಒಳ್ಳೆಯ ಮೆಟ್ಟಿಲು. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್‌ ಗ್ರಂಥಾಲಯಕ್ಕೂ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು.

<b>ಹೊಳೆಯ ಹೆಸರಿನ ಪುಸ್ತಕ</b>

ಮೇ ತಿಂಗಳಲ್ಲಿ ತಂಗಿ ಆರಿಸಿಕೊಂಡ ಒಂದು ಪುಸ್ತಕದ ಬಗ್ಗೆ ಹೇಳಲೇಬೇಕು. ಸಾರಾ ಅಬೂಬಕ್ಕರ್‌ ಅವರ ‘ಚಂದ್ರಗಿರಿಯ ತೀರದಲ್ಲಿ’. ‘ಇದನ್ಯಾಕೆ ತಗಂಡಿ?’ ಎಂದರೆ ಅವಳ ಉತ್ತರ, ‘ಹೊಳಿ ದಂಡಿ ಕಥಿ ಅಂತಣ್ಣ. ನಮ್ಮೂರೂ ಹೊಳಿ ದಂಡಿಗೇ ಐತಲ್ಲ.’ ನಮ್ಮದು ವೇದಾವತಿ, ಅದು ಕಾಸರಗೋಡಿನ ಚಂದ್ರಗಿರಿ. ಪುಸ್ತಕ ಆರಿಸಲು ಇಂಥ ಕಾರಣವೂ ಇರಬಹುದು ಎನ್ನುವುದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ.

ಮೊದಲು ‘ಲಂಕೇಶ್‌ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಅದು. ನಾದಿರಾ ಎಂಬ ಹೆಣ್ಣುಮಗಳ ಬದುಕಿನ ತೀರ್ಮಾನಗಳನ್ನೆಲ್ಲ ಅವಳನ್ನು ಕೇಳದೆ ಬೇರೆಯವರೇ ತೆಗೆದುಕೊಳ್ಳುತ್ತಾರೆ. ತಂಗಿ ಅದನ್ನು ಮೂರು ದಿನದಲ್ಲಿ ಮುಗಿಸಿದಳು. ಮುಗಿಸಿದ ದಿನ ಊಟಕ್ಕೆ ಕೂತಾಗ ಹೆಚ್ಚು ಮಾತನಾಡಲಿಲ್ಲ. ‘ಯಾಕೆ?’ ಎಂಬ ನಮ್ಮ ನಾಲ್ಕನೆಯ ಪ್ರಶ್ನೆಗೆ, ‘ಆಕಿನ್ನ ಒಬ್ಬರೂ ಕೇಳಲಿಲ್ಲಲ್ಲಣ್ಣ’ ಎಂದಷ್ಟೇ ಹೇಳಿದಳು.

ಅದೇ ತಿಂಗಳು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಒಳ್ಳೆಯ ಅಂಕ. ಮನೆಯಲ್ಲಿ ಚರ್ಚೆ ಶುರುವಾಯಿತು. ‘ಹೆಣ್ಣುಹುಡುಗಿಗೆ ಇಷ್ಟು ಸಾಕು’ ಎಂದ ನೆಂಟರೊಬ್ಬರ ಬಾಯಿಯನ್ನು ಅಪ್ಪನೇ ಮುಚ್ಚಿಸಿದ. ಆಮೇಲೆ ತಂಗಿ ಕಡೆ ತಿರುಗಿ, ‘ನೀನೂ ಅಣ್ಣನಂಗ ಸೈನ್ಸ್‌ ತಗೋ’ ಎಂದ. ನಾನೂ ಹೂಂಗುಟ್ಟಿದೆ. ಅವಳು, ‘ನಂಗ ಕಾಮರ್ಸ್‌ ಬೇಕಪ್ಪ. ಲೆಕ್ಕ ಅಂದ್ರ ಇಷ್ಟ, ಆದ್ರ ಫಿಸಿಕ್ಸ್‌ ಬ್ಯಾಡ’ ಎಂದಳು. ಅಪ್ಪ, ‘ನಿಮ್ಮಣ್ಣ ಏನಾರ ಹಿಂಗ ಅಂದಿದ್ನೇನು?’ ಎಂದು ಕೇಳಿದ. ಅವಳು ಮೆಲ್ಲಗೆ, ‘ಅಣ್ಣನ್ನ ಯಾರಾರ ಕೇಳಿದ್ರೇನಪ್ಪ?’ ಎಂದಳು.

ಮನೆ ಗಪ್‌ಚಿಪ್ಪಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ, ನಿಜ. ಸಿಇಟಿ ಆಯ್ಕೆಗಳನ್ನು ತುಂಬುವ ದಿನ ಸೈಬರ್‌ ಸೆಂಟರಿನಲ್ಲಿ ಮೌಸ್‌ ಇದ್ದದ್ದು ನಮ್ಮ ಸಂಬಂಧಿಕರೊಬ್ಬರ ಕೈಯಲ್ಲಿ. ನಾನು ಪಕ್ಕದಲ್ಲಿ ನಿಂತು ‘ಹೂಂ’ ಎನ್ನುತ್ತಿದ್ದೆ. ಓದುತ್ತಿರುವ ಬ್ರಾಂಚ್‌ ಬಗ್ಗೆ ನನಗೆ ದ್ವೇಷವಿಲ್ಲ, ಈಗೀಗ ಕೆಲವು ವಿಷಯಗಳು ಇಷ್ಟವೂ ಆಗುತ್ತಿವೆ. ಆದರೆ ಅದು ನನ್ನ ಆಯ್ಕೆಯೇ ಎಂದು ಕೇಳಿದರೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ. ಹಾಜರಿ ಸಂಖ್ಯೆ ಇಪ್ಪತ್ಮೂರಕ್ಕೆ ಜೇನು ಸಾಕಣೆ ಬಂದ ಹಾಗೆ ಅದೂ ಬಂತು.

ಒಂದು ಕಾದಂಬರಿ ಓದಿದ್ದರಿಂದಲೇ ತಂಗಿಗೆ ಆ ಮಾತು ಬಂತು ಎಂದು ನಾನು ಹೇಳಲಾರೆ. ಮೊದಲಿನಿಂದಲೂ ಅವಳು ಸ್ವಲ್ಪ ಗಟ್ಟಿ. ಆದರೆ ಜನವರಿಯಲ್ಲಿ ‘ಗೊತ್ತಿಲ್ಲಣ್ಣ’ ಎಂದವಳು ಮೇ ತಿಂಗಳಲ್ಲಿ ‘ಇದು ಬೇಕು, ಇದು ಬ್ಯಾಡ, ಯಾಕಂದ್ರ...’ ಎಂದು ಅಪ್ಪನೆದುರು ಕಾರಣ ಸಮೇತ ಹೇಳಿದಳು. ಆ ನಡುವೆ ಅವಳು ಹದಿನಾಲ್ಕು ಪುಸ್ತಕ ಎತ್ತಿಕೊಂಡಿದ್ದಳು, ಎಂಟನ್ನು ಬಿಟ್ಟಿದ್ದಳು, ಪ್ರತಿಯೊಂದಕ್ಕೂ ಕಾರಣ ಹೇಳಿದ್ದಳು. ಇವೆರಡಕ್ಕೂ ಸಂಬಂಧವಿಲ್ಲ ಎಂದೂ ಹೇಳಲಾರೆ. ಅಪ್ಪ ಎರಡು ದಿನ ಮುನಿಸಿಕೊಂಡಿದ್ದ. ಮೂರನೆಯ ದಿನ ಕಾಲೇಜಿನ ಅರ್ಜಿ ತಂದು, ‘ತುಂಬವ್ವ, ನೀನೇ ತುಂಬು’ ಎಂದು ಪೆನ್ನು ಅವಳ ಕೈಗೆ ಕೊಟ್ಟ.

<b>ನಾವೇನು ಮಾಡಬಹುದು?</b>

ಈ ಪುಟ ಓದುವವರಲ್ಲಿ ಹೆಚ್ಚಿನವರು ನನ್ನಂತೆ ಕಾಲೇಜಿನಲ್ಲಿರುವವರು, ಇಲ್ಲವೇ ಕೆಲಸ ಹುಡುಕುತ್ತಿರುವವರು. ಹಬ್ಬಕ್ಕೆ ಊರಿಗೆ ಹೋಗುವಾಗ ತಮ್ಮ ತಂಗಿಯರಿಗೆ ಪುಸ್ತಕ ಒಯ್ಯುವ ಮೊದಲು ಅವರನ್ನೇ ಒಮ್ಮೆ ಕಪಾಟಿನ ಮುಂದೆ ನಿಲ್ಲಿಸಿ. ಪುಸ್ತಕ ಕೊಡಿಸುವುದೇ ಆದರೆ ಹಣ ನೀವು ಕೊಡಿ, ಆಯ್ಕೆ ಅವರಿಗೆ ಬಿಡಿ. ಆರಿಸಿದ್ದು ನಿಮಗೆ ಹಿಡಿಸದಿದ್ದರೆ ಮುಖ ಸಿಂಡರಿಸಬೇಡಿ. ಇದೇ ಕಷ್ಟದ ಭಾಗ, ಅನುಭವದಿಂದ ಹೇಳುತ್ತಿದ್ದೇನೆ.

ಎಫ್‌ಡಿಎ, ಪಿಡಿಒ, ಪೊಲೀಸ್‌ ಕಾನ್‌ಸ್ಟೆಬಲ್‌ ಪರೀಕ್ಷೆಗೆಂದು ಗ್ರಂಥಾಲಯದಲ್ಲಿ ದಿನವಿಡೀ ಕೂರುವ ಅಣ್ಣ ಅಕ್ಕಂದಿರು ಪ್ರತಿ ಊರಿನಲ್ಲೂ ಇದ್ದಾರೆ. ನಿಮ್ಮ ಪಕ್ಕದ ಕಪಾಟಿನ ಮುಂದೆ ಒಬ್ಬ ಹುಡುಗ ಏನು ತೆಗೆದುಕೊಳ್ಳಬೇಕೆಂದು ತಿಳಿಯದೆ ನಿಂತಿರುತ್ತಾನೆ. ಐದು ನಿಮಿಷ ಅವನಿಗೆ ಕೊಡಿ. ಪುಸ್ತಕ ತೆಗೆದುಕೊಡಬೇಡಿ. ‘ಯಾವ ಸಿನಿಮಾ ಇಷ್ಟ? ಯಾವ ಆಟ ಇಷ್ಟ? ಹಿಂದಿನ ಪುಸ್ತಕ ಯಾಕೆ ಹಿಡಿಸಲಿಲ್ಲ?’ ಎಂದು ಕೇಳಿ. ಉಳಿದದ್ದನ್ನು ಅವನು ಮಾಡಿಕೊಳ್ಳುತ್ತಾನೆ.

ಹಾಗೆಯೇ ನಿಮಗಾಗಿಯೂ ಒಂದು ಪುಸ್ತಕ ಆರಿಸಿಕೊಳ್ಳಿ. ಸಿಲಬಸ್‌ನಲ್ಲಿ ಇಲ್ಲದ, ಯಾರೂ ಹೇಳದ, ಇಂಟರ್‌ವ್ಯೂಗೆ ಬೇಕಿಲ್ಲದ ಒಂದು ಪುಸ್ತಕ. ನಾನು ಹೋದ ತಿಂಗಳು ಕಾಲೇಜಿನ ಗ್ರಂಥಾಲಯದಲ್ಲಿ ಮೂರು ಪುಸ್ತಕದ ನಡುವಿನ ಪುಟ ತೆಗೆದು ನೋಡಿ ನಾಲ್ಕನೆಯದನ್ನು ತಂದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’. ಬಡತನದ ಕಥೆಯನ್ನು ಇಷ್ಟು ನಗಿಸುತ್ತಾ ಹೇಳಬಹುದೇ ಎಂದು ಬೆರಗಾಗಿ, ಇಂಟರ್ನಲ್ಸ್‌ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಓದಿದೆ. ಅಂಕ ಸ್ವಲ್ಪ ಕಡಿಮೆ ಬಂತು. ಅವ್ವನಿಗೆ ದಯವಿಟ್ಟು ಹೇಳಬೇಡಿ.

ಅಂದ ಹಾಗೆ, ನಾನು ತಂದಿದ್ದ ಆ ಐದು ಪುಸ್ತಕಗಳನ್ನು ನಾವು ಊರಿನ ಗ್ರಂಥಾಲಯಕ್ಕೆ ಕೊಟ್ಟೆವು. ಕಳೆದ ವಾರ ಫೋನಿನಲ್ಲಿ ತಂಗಿ ಹೇಳಿದಳು, ಅದರಲ್ಲಿದ್ದ ವಿಜ್ಞಾನಿಯ ಜೀವನಚರಿತ್ರೆಯನ್ನು ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತಾನಾಗಿಯೇ ಎತ್ತಿಕೊಂಡು ಹೋಗಿದ್ದಾಳಂತೆ. ಇಪ್ಪತ್ತು ಪುಟ ದಾಟಿದ್ದಾಳೋ ಇಲ್ಲವೋ, ಮುಂದಿನ ಶನಿವಾರ ಹೋದಾಗ ಕೇಳಬೇಕು.

– ಬಿ.ಇ. ಐದನೇ ಸೆಮಿಸ್ಟರ್‌ ವಿದ್ಯಾರ್ಥಿ, ರಾರಾವಿ, ಸಿರುಗುಪ್ಪ ತಾಲ್ಲೂಕು